ಅಳೆದು ಕುಡಿಸಿದ ಅಕ್ಕೋರು

ನಮ್ಮೂರ ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರನ್ನು ಕಂಡರೆ ನನಗೆ ಹೆದರಿಕೆ ಇತ್ತು. ಅವರು ದನಿ ಏರಿಸಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಆಳು ಗಿಡ್ಡ, ಕೈಯಲ್ಲಿ ಯಾವಾಗಲೂ ಒಂದು ಬಟ್ಟೆಯ ಚೀಲ, ಚೀಲದೊಳಗೆ ಒಂದಕ್ಕೊಂದು ತಾಗಿ ಸದ್ದು ಮಾಡುವ ಬಾಟಲಿಗಳು. ಹೆದರಿಕೆ ಬರುತ್ತಿದ್ದದ್ದು ಅವರ ಒಂದೇ ಒಂದು ಪ್ರಶ್ನೆಯಿಂದ. ಎದುರಿಗಿದ್ದವರ ಬಾಯಲ್ಲಿ 'ಸ್ವಲ್ಪ', 'ಸುಮಾರು', 'ಬೇಕಾದಷ್ಟು' ಎಂಬ ಮಾತು ಬಂದರೆ ಸಾಕು, ಕನ್ನಡಕದ ಮೇಲಿಂದ ನೋಡಿ "ಎಷ್ಟು?" ಎನ್ನುತ್ತಿದ್ದರು. ಮೀನು ಮಾರುವ ಹೆಂಗಸೊಬ್ಬಳು ಒಮ್ಮೆ, "ಎಂತಾ ಮಳೆ ಅಕ್ಕೋರೆ, ಮನೆಯೊಳ್ಗೆಲ್ಲಾ ನೀರು" ಎಂದು ಗೋಳು ತೋಡಿಕೊಂಡಳು. "ಎಷ್ಟು ಕೊಡ ಎತ್ತಿ ಹೊರ್ಗೆ ಹಾಕ್ದೆ?" ಎಂದು ಇವರು ಕೇಳಿದರು. ಅವಳು ಬೆರಳು ಮಡಚಿ ಎಣಿಸಿ "ಹನ್ನೊಂದು" ಎಂದಳು. "ಹಾಂಗಾರೆ ನೂರು ಲೀಟರಿನ ಮೇಲಾಯ್ತು. ಪಾಪ" ಎಂದರು ಅಕ್ಕೋರು. ಲೆಕ್ಕ ಮುಗಿದ ಮೇಲೆಯೇ ಇವರಿಗೆ ಪಾಪ ಅನ್ನಿಸುವುದು ಎಂದು ನಾವೆಲ್ಲ ನಕ್ಕಿದ್ದೆವು.

ನಗುವವರಲ್ಲಿ ನಾನೂ ಒಬ್ಬ. ಆದರೆ ಈ ಹೆಂಗಸು ಯಾವತ್ತು ನನ್ನನ್ನು 'ಎಷ್ಟು?' ಎಂದು ಕೇಳುತ್ತಾಳೋ ಎಂಬ ಅಳುಕು ಒಳಗೇ ಇತ್ತು. ಯಾಕೆಂದರೆ ನಾನು ಪಂಚಾಯ್ತಿಯ ನೀರು ಬಿಡುವವನು. ಶಾಲೆಯ ಹಿಂದೆ ಹಳ್ಳ, ಹಳ್ಳದ ದಂಡೆಗೆ ಬಾವಿ, ಬಾವಿಯ ಪಕ್ಕ ಪಂಪಿನ ಕೋಣೆ, ಅದರಾಚೆ ಎತ್ತರದ ಕಂಬಗಳ ಮೇಲೆ ಇಪ್ಪತ್ತೈದು ಸಾವಿರ ಲೀಟರಿನ ಟ್ಯಾಂಕು. ದಿನಾ ಬೆಳಿಗ್ಗೆ ಪಂಪು ಹಾಕಿ ಟ್ಯಾಂಕು ತುಂಬಿಸುವುದು, ನೀರಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕುವುದು, ಹಾಕಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು, ಆಮೇಲೆ ಕೇರಿಯ ನಲ್ಲಿಗಳಿಗೂ ಶಾಲೆಯ ನಲ್ಲಿಗೂ ನೀರು ಬಿಡುವುದು. ಇಷ್ಟೇ ನನ್ನ ಕೆಲಸ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಓದು ಬರಹ ಬಾರದೆ ಮಾಡಿದ ತಪ್ಪಲ್ಲ ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು.

ಅಂಕೋಲೆಗೂ ಕಡಲಿಗೂ ನಡುವಿನ ನಮ್ಮ ಊರಿಗೆ ಅಕ್ಕೋರು ಬಂದದ್ದು ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷ. ಅವರು ಕಾರವಾರ ತಾಲೂಕಿನ ಕಿನ್ನರದವರು, ಮನೆಮಾತು ಕೊಂಕಣಿ. ಇಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದರು. ಅವರಿಗೆ ಕೊಟ್ಟದ್ದು ಮೂರನೇ ಇಯತ್ತೆ. ಲೀಟರು, ಮಿಲಿಲೀಟರು ಮಕ್ಕಳಿಗೆ ಮೊದಲು ಬರುವುದು ಅಲ್ಲಿ.

ಪಂಪಿನ ಕೋಣೆಯ ಕಿಟಕಿಗೆ ಅವರ ವರ್ಗದ ಕಿಟಕಿ ಎದುರು. ಪಾಠವೆಲ್ಲ ನನಗೆ ಕೇಳುತ್ತಿತ್ತು. ನಮ್ಮ ಕಾಲದಲ್ಲಿ ಮಾಸ್ತರರು 'ಸಾವಿರ ಮಿಲಿಲೀಟರಿಗೆ ಒಂದು ಲೀಟರು' ಎಂದು ನೂರು ಸಲ ಹೇಳಿಸಿ ಬಿಡುತ್ತಿದ್ದರು. ಇವರು ಹಾಗಲ್ಲ. ಮೊದಲ ದಿನ ಮಕ್ಕಳ ಮನೆಯಿಂದ ಖಾಲಿ ಬಾಟಲಿ ತರಿಸಿದರು. ಎಣ್ಣೆಯದು, ಔಷಧದ್ದು, ಶರಬತ್ತಿನದು, ಮಗು ಹಾಲು ಕುಡಿಯುವ ಬಾಟಲಿ, ಸೂಜಿ ತೆಗೆದ ಸಿರಿಂಜು. ಕುದಿಯುವ ನೀರಿನಲ್ಲಿ ತಾವೇ ತೊಳೆದರು. ಉದ್ದ ಬಾಟಲಿ ಒಂದು ಕಡೆ, ಅಗಲ ಬಾಯಿಯ ಗಿಡ್ಡ ಪಾತ್ರೆ ಒಂದು ಕಡೆ ಇಟ್ಟು, ಯಾವುದರಲ್ಲಿ ಹೆಚ್ಚು ನೀರು ಹಿಡಿಯುತ್ತದೆ ಎಂದು ಕೇಳಿದರು. ಉದ್ದದ್ದರಲ್ಲಿ ಎಂದು ಇಡೀ ವರ್ಗ ಕೂಗಿತು. ಉದ್ದದ್ದನ್ನು ತುಂಬಿ ಗಿಡ್ಡದಕ್ಕೆ ಸುರಿದರು. ಅರ್ಧವೂ ತುಂಬಲಿಲ್ಲ. ಮಕ್ಕಳು ಮೋಸ ಮೋಸ ಎಂದು ಎದ್ದು ನಿಂತರು. "ಮೋಸ ಎಂತದೂ ಇಲ್ಲ. ಕಣ್ಣು ಹೇಳ್ತದೆ, ಅಳತೆ ಹೌದೋ ಅಲ್ವೋ ಹೇಳ್ತದೆ. ಅಳೀದೆ ಯಾರೂ ಒಂದು ಅಂಕಿ ಬರೀಬೇಡಿ" ಎಂದರು.

ಬಾಟಲಿ ನೋಡುವಾಗ ಅವರು ನೆಲಕ್ಕೆ ಮಂಡಿಯೂರಿ, ನೀರಿನ ಗೆರೆಯ ಸಮಕ್ಕೆ ಕಣ್ಣು ತಂದು ನೋಡುತ್ತಿದ್ದರು. ಮಕ್ಕಳೂ ಹಾಗೇ ಕೂರುತ್ತಿದ್ದವು, ಇಪ್ಪತ್ತಮೂರು ಮಕ್ಕಳು, ಒಂದು ಕಣ್ಣು ಮುಚ್ಚಿಕೊಂಡು. ಒಂದು ದಿನ 'ನೂರಾ ಎಂಬತ್ತು ಎಂಎಲ್ ಹಿಡಿಯುವ ವಸ್ತು ಯಾವುದು' ಎಂದು ಕೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ, "ಕ್ವಾರ್ಟರ್, ಅಕ್ಕೋರೆ! ನಮ್ಮಪ್ಪ ಗೋವೆಯಿಂದ ತತ್ತಾ" ಎಂದ. ನಾನು ಪಂಪಿನ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅಕ್ಕೋರು ನಗಲಿಲ್ಲ. "ಉತ್ತರ ಸರಿ. ಯಾರ ಹತ್ರ ಕಲ್ತೆ ಹೇಳಿ ನಾ ಕೇಳೂದಿಲ್ಲ" ಎಂದು ಅವನ ಉತ್ತರಕ್ಕೆ ಸರಿ ಗುರುತು ಹಾಕಿದರು. ಅಳುವ ಮಗುವಿನ ಗಲ್ಲಕ್ಕೆ ಔಷಧದ ಮುಚ್ಚಳ ಹಿಡಿದು, "ತಡಿ ಪುತಾ, ಅಳ್ದು ನೋಡ್ವ, ಐದು ಎಂಎಲ್ ಆಗ್ತದ್ಯಾ?" ಎನ್ನುವುದೂ ಅವರ ಒಂದು ಅಭ್ಯಾಸ. ಎಂಥ ಮಗುವಾದರೂ ಎಷ್ಟಾಯಿತೆಂದು ನೋಡಲು ಅಳು ನಿಲ್ಲಿಸುತ್ತಿತ್ತು.

ಚೌತಿಯ ಹಿಂದಿನ ವಾರ ಅವರು ಮಕ್ಕಳನ್ನು ಸಾಲಾಗಿ ಕರೆದುಕೊಂಡು ನನ್ನ ಟ್ಯಾಂಕು ನೋಡಲು ಬಂದರು. ನಾನು ಅಂಗಿಯ ಗುಂಡಿ ಹಾಕಿಕೊಂಡು ನಿಂತೆ. ಟ್ಯಾಂಕಿನಲ್ಲಿ ಎಷ್ಟು ಲೀಟರು, ಒಂದು ಮನೆಗೆ ಎಷ್ಟು ಕೊಡ, ಎಲ್ಲ ಹೇಳಿದೆ. ಮುಂದೆ ನಿಂತಿದ್ದ ಹುಡುಗಿ, ನನ್ನ ಪಕ್ಕದ ಮನೆಯ ದೀಪಾ, ಮೂಲೆಯಲ್ಲಿದ್ದ ಬ್ಲೀಚಿಂಗ್ ಪುಡಿಯ ಚೀಲಕ್ಕೆ ಬೆರಳು ತೋರಿಸಿ, "ಪಂಪಿನಜ್ಜಾ, ಅದು ಎಷ್ಟು ಹಾಕ್ತ್ರಿ?" ಎಂದಳು.

ನಿಜ ಹೇಳಬೇಕೆಂದರೆ ನಾನು ಕೈಗೆ ಬಂದಷ್ಟು ಹಾಕುತ್ತಿದ್ದೆ. ಒಂದು ತೆಂಗಿನ ಕರಟ ಇಟ್ಟುಕೊಂಡಿದ್ದೆ. ಒಮ್ಮೆ ಅದರ ಅರ್ಧ, ಒಮ್ಮೆ ಕಾಲು, ಜನ ವಾಸನೆ ಎಂದು ಬೈದ ಮರುದಿನ ಒಂದು ಚಿಟಿಕೆ. ಎಷ್ಟು ಹಾಕಬೇಕೆಂದು ಪಂಚಾಯ್ತಿಯವರು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅದನ್ನೇ ನೋಡಿ, "ದಿನಾ ನೂರು ಗ್ರಾಂ" ಎಂದೆ.

"ಎಂತರಲ್ಲಿ ಅಳಿತ್ರಿ?" ಎಂದು ಕೇಳಿದವರು ಅಕ್ಕೋರು.

ಕರಟ ತೋರಿಸಿದೆ.

"ಇದ್ರಲ್ಲಿ ನೂರು ಗ್ರಾಂ ಹಿಡೀತದೆ ಹೇಳಿ ತೂಕ ಮಾಡಿ ನೋಡಿದ್ರಾ?"

"ಪಂಚಾಯ್ತಿಯವ್ರೇ ತೂಕ ಮಾಡಿ ಕೊಟ್ಟದ್ದು ಅಕ್ಕೋರೆ" ಎಂದೆ. ಅದು ಹಸಿ ಸುಳ್ಳು. ಅಂಗಡಿಯ ತಕ್ಕಡಿ ಇದ್ದದ್ದು ಐವತ್ತು ಹೆಜ್ಜೆ ದೂರದಲ್ಲಿ. ಅಕ್ಕೋರು ಒಂದು ಗಳಿಗೆ ಕರಟವನ್ನೇ ನೋಡಿ ತಲೆಯಾಡಿಸಿದರು. ವರ್ಗಕ್ಕೆ ಹೋಗಿ ಬೋರ್ಡಿನ ಮೇಲೆ ಬರೆದರು: ನಮ್ಮ ಟ್ಯಾಂಕಿನ ನೀರು ಇಪ್ಪತ್ತೈದು ಸಾವಿರ ಲೀಟರು, ದಿನಾ ಹಾಕುವ ಔಷಧ ನೂರು ಗ್ರಾಂ, ಹಾಗಾದರೆ ಒಂದು ಸಾವಿರ ಲೀಟರಿಗೆ ಎಷ್ಟು? ಇಪ್ಪತ್ತಮೂರು ಮಕ್ಕಳು ನನ್ನ ಸುಳ್ಳನ್ನು ಭಾಗಿಸುತ್ತ ಕೂತಿದ್ದನ್ನು ಕಿಟಕಿಯಿಂದ ಕಂಡೆ.

ಆಮೇಲೆ ಚೌತಿ ಬಂತು. ನಮ್ಮ ಕಡೆ ಚೌತಿಗೆ ಮನೆಮನೆಯಲ್ಲೂ ಗಣಪತಿ ಕೂರುತ್ತಾನೆ. ಹಿಂದಿನ ದಿನ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ತಡೆದರು.

"ಕಾಕಾ, ನಾಳೆ ಒಂದಿನ ಆ ಪುಡಿ ಬೇಡ ಮಾರಾಯ್ರೇ. ನೈವೇದ್ಯದ ಪಾಯಸಕ್ಕೂ ಅದೇ ವಾಸ್ನೆ ಹೊಡಿತದೆ" ಎಂದಳು ದೀಪಾಳ ಅಮ್ಮ, ನಮ್ಮ ಬಾಯಲ್ಲಿ ದೀಪಾಳ ಆಯಿ.

ಇನ್ನೊಬ್ಬಳು, "ಗಣಪತಿಗೆ ಆಸ್ಪತ್ರೆ ನೀರು ಕುಡಸ್ತ್ರಾ?" ಎಂದು ನಗೆಯಾಡಿದಳು.

ಒಪ್ಪಿದೆ. ಚೌತಿಯ ದಿನ ಪುಡಿ ಹಾಕಲಿಲ್ಲ. ಅವತ್ತು ಸಂಜೆ ಸಿಕ್ಕಾಗ, "ಇವತ್ತು ಚಹಾ ಚಹಾದಂಗೆ ಆಯ್ತು ಕಾಕಾ" ಎಂದು ಎಲ್ಲರೂ ಹೊಗಳಿದರು. ವರ್ಷಗಟ್ಟಲೆ ಬೈಸಿಕೊಂಡವನಿಗೆ ಆ ಹೊಗಳಿಕೆ ರುಚಿಸಿತು. ಮರುದಿನವೂ ಹಾಕಲಿಲ್ಲ. ಅದರ ಮರುದಿನವೂ ಇಲ್ಲ. ಅವರು ಬೇಡ ಎಂದದ್ದು ಒಂದು ದಿನಕ್ಕೆ. ನಾನು ಬಿಟ್ಟದ್ದು ಹನ್ನೊಂದು ದಿನ. ರಿಜಿಸ್ಟರನ್ನು ಮಾತ್ರ ಬಿಡಲಿಲ್ಲ. ಹನ್ನೊಂದನೆಯ ದಿನ ಕೂತು, ಒಂದೇ ಪೆನ್ನಿನಿಂದ, 'ನೂರು ಗ್ರಾಂ, ನೂರು ಗ್ರಾಂ' ಎಂದು ಸಾಲಾಗಿ ತುಂಬಿಸಿದೆ. ಆ ಹನ್ನೊಂದು ದಿನದಲ್ಲಿ ಎರಡು ದಿನ ದೊಡ್ಡ ಮಳೆ ಹೊಡೆದು, ಹಳ್ಳದ ನೀರು ಬಾವಿಯ ಕಟ್ಟೆಯವರೆಗೂ ಬಂದಿತ್ತು. ಅದನ್ನೂ ಕಂಡಿದ್ದೆ.

ಇತ್ತ ಶಾಲೆಯಲ್ಲಿ ಅಕ್ಕೋರು ಒಂದು ಹೊಸ ಪಾಠ ಶುರು ಮಾಡಿದ್ದರು. ಶಾಲೆಗೆ ಸರಿಯಾದ ಪಾಯಖಾನೆ ಇರಲಿಲ್ಲ. ಹೆಣ್ಣುಮಕ್ಕಳು ನಾಚಿಕೆಗೆ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ, ಪ್ರಾರ್ಥನೆಗೆ ನಿಂತಲ್ಲಿ ತಲೆ ತಿರುಗಿ ಬೀಳುತ್ತಿದ್ದವು. ಅಕ್ಕೋರು ಇನ್ನೂರು ಎಂಎಲ್ಲಿನ ಸ್ಟೀಲ್ ಲೋಟ ತಂದರು. ಐದು ಲೋಟಕ್ಕೆ ಒಂದು ಲೀಟರು. ಶಾಲೆ ಬಿಡುವುದರೊಳಗೆ ಪ್ರತಿ ಮಗುವೂ ಒಂದು ಲೀಟರು ಕುಡಿಯಬೇಕು, ಕುಡಿದ ಲೋಟಕ್ಕೊಂದು ಗೆರೆಯಂತೆ ಪಾಟಿಯ ಮೇಲೆ ಎಳೆಯಬೇಕು. ಹೆಣ್ಣುಮಕ್ಕಳನ್ನು ತಾವೇ ತಮ್ಮ ಬಾಡಿಗೆ ಕೋಣೆಯ ಪಾಯಖಾನೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಬರುವಾಗ ಮಕ್ಕಳು "ಒಂದು ಲೀಟರು, ಒಂದು ಲೀಟರು" ಎಂದು ಹಾಡುತ್ತ ಬರುತ್ತಿದ್ದವು. ಎಲ್ಲರಿಗಿಂತ ಮೊದಲು ಐದು ಗೆರೆ ಮುಗಿಸುವವಳು ದೀಪಾ. ನನ್ನ ನಲ್ಲಿಯ ನೀರು, ಕಾಸದ ಹಸಿ ನೀರು; ಮನೆಗಳಲ್ಲಾದರೆ ಮಳೆಗಾಲಕ್ಕೆ ಕಾಸಿಯೇ ಕುಡಿಯುತ್ತಿದ್ದರು.

ಹನ್ನೆರಡನೆಯ ದಿನ ಬೆಳಿಗ್ಗೆ ದೀಪಾಳ ಆಯಿ ನನ್ನ ಬಾಗಿಲು ಬಡಿದಳು. ಗಂಡ ಮೀನಿನ ಬೋಟಿನ ಮೇಲೆ ಹೋದವನು, ಬರಲು ವಾರ ಇತ್ತು. "ಕಾಕಾ, ಮಗು ಕಣ್ಣು ಬಿಡೂದಿಲ್ಲ ಮಾರಾಯ್ರೇ. ಬೇಗ ಬನ್ನಿ." ರಿಕ್ಷಾ ತರಿಸಿ ಅಂಕೋಲೆಗೆ ಹೊರಟೆವು. ಹುಡುಗಿಯ ತಲೆ ನನ್ನ ತೊಡೆಯ ಮೇಲೆ. ರಾತ್ರಿಯಿಡೀ ಭೇದಿಯಾಗಿ ಕಣ್ಣು ಗುಳಿ ಬಿದ್ದಿತ್ತು, ತುಟಿ ಸಿಪ್ಪೆಯೆದ್ದಿತ್ತು. ಕೈಯ ಚರ್ಮ ಹಿಡಿದು ಬಿಟ್ಟರೆ ಹಾಗೆಯೇ ನಿಲ್ಲುತ್ತಿತ್ತು. ರಿಕ್ಷಾದವ, "ಶಾಲೆ ಮಕ್ಕಳು ಇನ್ನೂ ಎಂಟು ಜನ ಮಲ್ಗಿದ್ದೋ ಹೇಳಿ ಸುದ್ದಿ" ಎಂದ. ನನಗೆ ಆಗಲೇ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗುವ ಮೊದಲು, ಆ ರಿಕ್ಷಾದಲ್ಲಿ, ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ನನಗೆ ಗೊತ್ತಾಯಿತು. ದೇವರೇ ಈ ಮಗು ಬದುಕಲಿ ಎಂದು ಬೇಡಿದೆ. ಅದರ ಬೆನ್ನಿಗೇ, ರಿಜಿಸ್ಟರು ಸರಿಯಾಗಿದೆಯಲ್ಲ ಎಂದು ಮನಸ್ಸು ನೋಡಿಕೊಂಡಿತು. ಎರಡೂ ಒಂದೇ ಉಸಿರಿನಲ್ಲಿ ಬಂದವು. ಇದನ್ನು ನಾನು ಯಾವ ದೇವರ ಮುಂದೆ ಹೇಳಲಿ.

ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೆರಡು ತಾಸು ತಡ ಮಾಡಿದ್ರೆ ಕೈ ಮೀರ್ತಿತ್ತು" ಎಂದು ಸಲೈನ್ ಹಚ್ಚಿದರು. ಆಯಿಯನ್ನು ಮಗುವಿನ ಹತ್ತಿರ ಬಿಟ್ಟು, ನೀರು ಬಿಡುವ ಹೊತ್ತಾಯಿತು ಎಂದು ನೆಪ ಹೇಳಿ ನಾನು ಊರಿಗೆ ವಾಪಸಾದೆ. ಬ್ಲೀಚಿಂಗ್ ಚೀಲವನ್ನು ಅಡಗಿಸುವುದೋ, ಅದರಿಂದ ಅರ್ಧ ಪುಡಿ ಹಳ್ಳಕ್ಕೆ ಚೆಲ್ಲಿ ಖರ್ಚಾದಂತೆ ತೋರಿಸುವುದೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಪಂಪಿನ ಕೋಣೆಯ ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಕೈಯಲ್ಲಿ ಶಾಲೆಯ ನಲ್ಲಿಯಿಂದ ಹಿಡಿದ ಒಂದು ಲೋಟ ನೀರು.

"ಇದ್ರಲ್ಲಿ ವಾಸ್ನೆ ಇಲ್ಲ" ಎಂದರು.

"ಹಾಕಿದ್ದೆ ಅಕ್ಕೋರೆ. ಬೇಕಾರೆ ರಿಜಿಸ್ಟರ್ ನೋಡಿ."

ನೋಡಿದರು. ಹನ್ನೊಂದು ಸಾಲು, ಒಂದೇ ಶಾಯಿ, ಒಂದೇ ಓರೆಯ ಅಕ್ಷರ. ಮಕ್ಕಳ ಕಾಪಿ ತಿದ್ದುವವರಿಗೆ ಅದು ತಿಳಿಯಲು ಎಷ್ಟು ಹೊತ್ತು ಬೇಕು? ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ರಿಜಿಸ್ಟರು ಮುಚ್ಚಿಟ್ಟು, ಕರಟಕ್ಕೆ ಪುಡಿ ತುಂಬಿ ಅಂಗಡಿಗೆ ಒಯ್ದು ತೂಗಿಸಿ ತಂದರು. ನೂರು ಗ್ರಾಂ ಬರುವಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. "ಈಗ ಹಾಕಿ. ನನ್ನ ಎದುರಿಗೆ" ಎಂದರು. ಬಕೆಟ್ಟಿಗೆ ಸುರಿಯುವಾಗ ಪುಡಿಯೆಲ್ಲ ನನ್ನ ಕಾಲ ಮೇಲೆ ಉದುರಿತು. ಅವರು ಇನ್ನೊಮ್ಮೆ ಅಳೆದುಕೊಟ್ಟರು. ಏಣಿ ಹತ್ತಿ ಸುರಿದು ಇಳಿದು ಬರುವವರೆಗೂ ಅಲ್ಲೇ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಅಲ್ಲಿಂದ ಸೀದಾ ಅಂಕೋಲೆಯ ಆಸ್ಪತ್ರೆಗೆ ಹೋದರಂತೆ. ಆಯಿಗೆ ಕಣ್ಣು ಹತ್ತಿದಾಗ ದೀಪಾಳ ಹಾಸಿಗೆಯ ಬದಿಗೆ ಕೂತು, ಔಷಧದ ಮುಚ್ಚಳದಲ್ಲಿ ಹತ್ತು ಹತ್ತು ಎಂಎಲ್ಲಿನಂತೆ ಉಪ್ಪು ಸಕ್ಕರೆಯ ನೀರು ಹಾಕಿ, ಚೀಟಿಯ ಮೇಲೆ ಗೆರೆ ಎಳೆಯುತ್ತಿದ್ದರಂತೆ. ಹುಡುಗಿ ಮೊದಲು ಬಾಯಿ ಬಿಟ್ಟು ಆಡಿದ ಮಾತು, "ಎಷ್ಟಾಯ್ತು ಅಕ್ಕೋರೆ?" ಇದನ್ನು ನನಗೆ ಹೇಳಿದವಳು ಆಸ್ಪತ್ರೆಯ ಕೆಲಸದ ಹೆಂಗಸು. ದೀಪಾಳ ಆಯಿಗೆ ಇದು ಆಗ ಗೊತ್ತಾಗಲಿಲ್ಲ.

ಮರುದಿನ ಆರೋಗ್ಯದವರು ಜೀಪಿನಲ್ಲಿ ಬಂದು ನೀರಿನ ಸ್ಯಾಂಪಲ್ ಒಯ್ದರು. ನೀರು ಶುದ್ಧ ಇತ್ತು. ಯಾಕಿರುವುದಿಲ್ಲ, ಹಿಂದಿನ ದಿನವೇ ಹಾಕಿಸಿದ್ದರಲ್ಲ. ರಿಜಿಸ್ಟರು ನೋಡಿದರು, ಸರಿ ಇದೆ ಎಂದರು. ನೀರು ಸರಿ, ರಿಜಿಸ್ಟರು ಸರಿ, ಹಾಗಾದರೆ ಮಕ್ಕಳು ಮಲಗಿದ್ದು ಯಾತರಿಂದ? ಊರಿಗೆ ಉತ್ತರ ಸಿಕ್ಕಲು ತಡವಾಗಲಿಲ್ಲ. ಮಲಗಿದವರು ಹೆಚ್ಚಿನವರು ಮೂರನೇ ಇಯತ್ತೆಯವರೇ. ಆ ಬಾಟಲಿಗಳು. ಕಂಡಕಂಡವರ ಮನೆಯ ಬಾಟಲಿ ತರಿಸಿ, ಅಳೆದು ಅಳೆದು ನೀರು ಕುಡಿಸಿದ ಅಕ್ಕೋರು.

ಶಾಲೆಯ ಅಂಗಳದಲ್ಲಿ ಪಾಲಕರ ಸಭೆ ಸೇರಿತು. ಒಂಬತ್ತು ಮಕ್ಕಳೂ ಅಷ್ಟರಲ್ಲಿ ಪಾರಾಗಿದ್ದರು, ದೀಪಾ ಮಾತ್ರ ಇನ್ನೂ ಆಸ್ಪತ್ರೆಯಲ್ಲಿದ್ದಳು. ಅವಳ ಆಯಿ ಅಲ್ಲಿಂದಲೇ ಬಂದಳು, ಕೆದರಿದ ತಲೆಯಲ್ಲಿ. ಸೀದಾ ವರ್ಗಕ್ಕೆ ನುಗ್ಗಿ ಬಾಟಲಿಗಳ ಚೀಲವನ್ನು ಎಳೆದು ತಂದು ಅಂಗಳದ ಕಲ್ಲಿಗೆ ಬಡಿದಳು.

"ಅಳ್ದು ಅಳ್ದು ಇಷ ಕುಡಸ್ದ್ರಿ ನನ್ನ ಮಗೂಗೆ! ನಿಮ್ಗೆ ಮಕ್ಕಳಿದ್ರೆ ಗೊತ್ತಾಗ್ತಿತ್ತು. ನಿಮ್ಮ ಕೈ ಸೇದಿ ಹೋಗ್ಲಿ!"

ಅಕ್ಕೋರಿಗೆ ಮಕ್ಕಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯ.

ಶಾಲಾ ಸಮಿತಿಯ ಅಧ್ಯಕ್ಷರು, "ಅಕ್ಕೋರೆ, ನೀವು ಎಂತಾ ಹೇಳ್ತ್ರಿ?" ಎಂದರು. ಅಕ್ಕೋರು ಎದ್ದರು. ಮೊದಲು ನನ್ನ ಕಡೆ ನೋಡಿದರು. ಹುಣಸೆ ಮರದ ಬುಡದಲ್ಲಿ ನಾನು ನಿಂತಿದ್ದೆ. ಎಷ್ಟು ಹೊತ್ತು ನೋಡಿದರೋ ತಿಳಿಯದು, ನನಗೆ ಅದು ಮುಗಿಯದಷ್ಟು ಉದ್ದವಾಗಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ. ಜನ ನನ್ನನ್ನು ಅಲ್ಲೇ ಹೊಡೆದು ಹಾಕುತ್ತಾರೆ ಅನ್ನಿಸಿತು. ಅವರು ಕಾದರು. ನಾನು ತಲೆ ತಗ್ಗಿಸಿದೆ. ಆಮೇಲೆ ಅವರು ಹೇಳಿದ್ದು ಇಷ್ಟೇ: "ಬಾಟ್ಲಿ ಕುದಿಸಿದ ನೀರಲ್ಲಿ ತೊಳ್ದಿದ್ದೆ. ಆದ್ರೆ ಮಕ್ಕಳು ನೀರು ಕುಡ್ದದ್ದು ನಾನು ಹೇಳಿದ್ದಕ್ಕೇ. ಅದು ಹೌದು."

ತಿಂಗಳೊಳಗೆ ಅವರಿಗೆ ಸದಾಶಿವಗಡದ ಆಚೆಯ ಶಾಲೆಗೆ ವರ್ಗವಾಯಿತು. ಮನೆಗೆ ಹತ್ತಿರವಾಯಿತಲ್ಲ, ಒಳ್ಳೆಯದೇ ಆಯಿತು ಎಂದು ಜನ ಆಡಿಕೊಂಡರು. ನಾನೂ ಹಾಗೇ ಹೇಳಿಕೊಂಡೆ, ದಿನಕ್ಕೆ ಹತ್ತು ಸಲ. ಬಸ್ಸು ಹತ್ತುವಾಗ ಅವರ ಚೀಲ ಸದ್ದು ಮಾಡಲಿಲ್ಲ.

ಅವತ್ತಿನಿಂದ ನಾನು ಪುಡಿ ತೂಗಿಯೇ ಹಾಕಿದೆ. ಒಂದು ದಿನವೂ ತಪ್ಪಿಸಲಿಲ್ಲ. ಅದರಿಂದ ಹೆದರಿಕೆ ಕಡಿಮೆಯಾಗಲಿಲ್ಲ. ಜೀಪಿನ ಸದ್ದು ಕೇಳಿದರೆ ಪಂಪಿನ ಕೋಣೆಗೆ ಹೋಗಿ ರಿಜಿಸ್ಟರು ತೆಗೆದು ನೋಡುತ್ತಿದ್ದೆ. ಯಾವ ಮನೆಯ ಮಗುವಿಗೆ ಭೇದಿಯಾದರೂ ಓಡಿಹೋಗಿ ಟ್ಯಾಂಕಿನ ನೀರು ಮೂಸುತ್ತಿದ್ದೆ. ದೀಪಾಳ ಆಯಿ ಮಾತ್ರ, ಅವತ್ತು ಮಗುವನ್ನು ಬದುಕಿಸಿದವನು ನಾನೇ ಎಂದು ಊರೆಲ್ಲ ಹೇಳುತ್ತ, ಹಬ್ಬಹುಣ್ಣಿಮೆಗೆ ಪಾಯಸ ತಂದುಕೊಡುತ್ತಿದ್ದಳು. ಆ ಪಾಯಸವನ್ನು ನಾನು ಉಂಡಿದ್ದೇನೆ.

ಕೆಲಸದಿಂದ ನಿವೃತ್ತನಾದ ಮೇಲೆ ಒಂದು ದಿನ ಧೈರ್ಯ ಮಾಡಿ ಬಸ್ಸು ಹತ್ತಿದೆ. ಕಾರವಾರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಳಿ ಸೇತುವೆ ದಾಟಿ, ಕೇಳುತ್ತ ಕೇಳುತ್ತ ಅವರ ಶಾಲೆ ಮುಟ್ಟಿದೆ. ಅಕ್ಕೋರು ಬಿಳಿಚಿಕೊಂಡಿದ್ದರು, ಕೈಯ ನರ ಎದ್ದು ಕಾಣುತ್ತಿತ್ತು. ಲೀಟರಿನ ಪಾಠವೇ ನಡೆಯುತ್ತಿತ್ತು. ಆದರೆ ಮಕ್ಕಳ ಮುಂದೆ ನೀರಿರಲಿಲ್ಲ. ಬಾಟಲಿಗಳಿಗೆ ಒಣ ಮರಳು ತುಂಬಿ ಸುರಿಯುತ್ತಿದ್ದವು. ನಾನು ನೋಡುತ್ತಿರುವುದನ್ನು ಕಂಡು, "ಮಕ್ಕಳು ಮರಳು ಕುಡೂದಿಲ್ಲ ಅಲ್ದಾ" ಎಂದರು.

ವರಾಂಡದಲ್ಲಿ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಕರಟ, ಹನ್ನೊಂದು ದಿನ, ರಿಜಿಸ್ಟರು. ಅವರಿಗೆ ಹೊಸದೇನೂ ಇರಲಿಲ್ಲ.

"ಅವತ್ತು ನೀವು ಪುಡಿ ಹಾಕ್ಸದೇ ಇದ್ರೆ ಸ್ಯಾಂಪಲ್ಲಿನಲ್ಲಿ ನಾ ಸಿಕ್ಕಿಬೀಳ್ತಿದ್ದೆ ಅಕ್ಕೋರೆ. ನಿಮ್ಮ ಹೆಸ್ರು ಉಳೀತಿತ್ತು."

"ಮಕ್ಕಳು ನೀರು ಕುಡೂದು ಅವತ್ತೇ ಸಂಜೆಗೆ. ಸ್ಯಾಂಪಲ್ಲಿನವ್ರು ಬರೂದು ಮರುದಿನಕ್ಕೆ" ಎಂದರು. ಅದಕ್ಕಿಂತ ಹೆಚ್ಚು ವಿವರಣೆ ಬೇಕೆಂದು ಅವರಿಗೆ ಅನ್ನಿಸಲಿಲ್ಲ.

"ಮತ್ತೆ ಸಭೆಲಿ ಯಾಕೆ ಹೇಳ್ಲಿಲ್ಲ?"

"ನೀವು ನೂರು ಗ್ರಾಂ ಅಂದ್ರಿ. ನಾ ಬೋರ್ಡಿನ ಮೇಲೆ ಬರ್ದೆ. ಅಳೀದೆ ಬರೀಬೇಡಿ ಹೇಳಿ ಮಕ್ಕಳಿಗೆ ಕಲ್ಸೂದು ನಾನು, ಅಳೀದೆ ಬರ್ದದ್ದೂ ನಾನು. ತಕ್ಕಡಿ ಅಲ್ಲೇ ಇತ್ತು. ಹತ್ತು ನಿಮಿಷದ ಕೆಲ್ಸ. ಆ ಬೋರ್ಡು ನೋಡಿ ಮಕ್ಕಳು ಧೈರ್ಯದಲ್ಲಿ ಕುಡದ್ರು. ನಿಮ್ಮ ಕಡೆ ಬೆರಳು ತೋರ್ಸಿ ನಾ ತಪ್ಪಿಸ್ಕಂಬೂಕೆ ಆಗ್ತಿರ್ಲಿಲ್ಲ."

ನನ್ನ ಎದೆಯ ಭಾರ ಅರ್ಧ ಇಳಿದಂತಾಯಿತು. ಇಬ್ಬರದೂ ತಪ್ಪು, ಇಬ್ಬರೂ ಹಂಚಿಕೊಂಡೆವು ಎಂಬ ಸಮಾಧಾನ. ಅದು ಮುಖದಲ್ಲಿ ಕಂಡಿರಬೇಕು. ಅಕ್ಕೋರು ಕನ್ನಡಕ ತೆಗೆದರು.

"ನಂದು ನಾ ಅನುಭವಿಸ್ತೆ. ನಿಮ್ದು ಇಲ್ಲಿ ಇಳ್ಸಿ ಹೋಗುಕೆ ಬಂದ್ರಾ? ನನ್ಗೆ ಹೇಳಿ ಎಂತಾ ಆಗ್ತದೆ? ನನ್ಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವ್ಳು ಆ ಹುಡುಗಿ ಆಯಿ. ಅವ್ಳಿಗೆ ಹೇಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಹೇಳಲಿಲ್ಲ. ಇವತ್ತು ಬೇಡ, ಹಬ್ಬ ಕಳೆಯಲಿ, ದೀಪಾಳ ಪರೀಕ್ಷೆ ಮುಗಿಯಲಿ, ಎಂದು ಎರಡು ವರ್ಷ ದೂಡಿದೆ. ಈ ಮಳೆಗಾಲದ ಶುರುವಿನಲ್ಲಿ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ನಿವೃತ್ತಿಗೆ ಇನ್ನೂ ಕೆಲವು ತಿಂಗಳಿತ್ತಂತೆ. ನಮ್ಮ ಶಾಲೆಯಲ್ಲಿ ಶನಿವಾರ ಸಂತಾಪ ಸಭೆ ಇಟ್ಟಿದ್ದಾರೆ. ಅಕ್ಕೋರನ್ನು ಬಲ್ಲ ಹಳಬರು ನೀವು, ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಈಗಿನ ಮಾಸ್ತರರು ನನ್ನನ್ನೇ ಕೇಳಿದರು.

ಅವತ್ತೇ ಸಂಜೆ ದೀಪಾಳ ಮನೆಗೆ ಹೋದೆ. ಹುಡುಗಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಒಳಗೆ ಓದಿಕೊಳ್ಳುತ್ತಿದ್ದಳು. ಆಯಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಮೆಟ್ಟಿಲ ಮೇಲೆ ಕೂತು, ಅವಳ ಮುಖ ನೋಡದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆಸ್ಪತ್ರೆಯಲ್ಲಿ ಅಕ್ಕೋರು ಮುಚ್ಚಳ ಹಿಡಿದು ಕೂತದ್ದನ್ನೂ ಹೇಳಿದೆ. ಅಕ್ಕಿಯ ಮೇಲೆ ಓಡಾಡುತ್ತಿದ್ದ ಅವಳ ಬೆರಳು ಎಲ್ಲೋ ನಡುವೆ ನಿಂತಿತ್ತು.

"ನಾವು ಬೇಡ ಅಂದದ್ದು ಒಂದಿನಕ್ಕೆ ಕಾಕಾ" ಎಂದಳು.

"ಹೌದು ತಂಗಿ."

"ಆ ಅಂಗಳದಲ್ಲಿ ನಿಂತು ನಾ ಅವ್ರಿಗೆ ಎಂತೆಂತಾ ಅಂದೆ. ಮಕ್ಕಳಿಲ್ಲ ಹೇಳಿ ಹಂಗ್ಸಿದೆ. ನೀವು ಕೇಂಡಿದ್ರಿ."

"ಕೇಳಿದ್ದೆ."

"ಅಲ್ಲೇ ನಿಂತಿದ್ರಿ."

"ನಿಂತಿದ್ದೆ."

ಅವಳು ಕೂಗಾಡಬಹುದು, ಮೊರ ಎತ್ತಿ ಹೊಡೆಯಬಹುದು ಎಂದು ಭುಜ ಮುದುಡಿಕೊಂಡು ಕಾದೆ. ಅವಳು ಮೊರ ಬದಿಗಿಟ್ಟು, "ಈಗ ಅವ್ರ ಕಾಲು ಹಿಡೀಕೆ ನಾ ಎಲ್ಲಿಗೆ ಹೋಗ್ಲಿ?" ಎಂದಳು.

"ಊರಿಗೆ ನೀನೇ ಹೇಳಿಬಿಡು ತಂಗಿ. ನನ್ನ ಕೈಲಾಗೂದಿಲ್ಲ" ಎಂದೆ.

"ನಾ ಯಾಕೆ ಹೇಳ್ಲಿ? ನಾನು ಅಂದದ್ದು ಎಲ್ಲರೆದುರಿಗೆ. ನೀವು ಬಾಯಿ ಮುಚ್ಚಿದ್ದೂ ಎಲ್ಲರೆದುರಿಗೆ. ಶನಿವಾರ ಅಲ್ಲೇ ನಿಂತು ಹೇಳಿ. ಹೇಳುಕೆ ಬರೂದಿಲ್ಲ ಅಂದ್ರೆ ಬರ್ಕಂಡು ಬಂದು ಓದಿ."

"ನಡುವೆ ದನಿ ಹೊರಡದೇ ಹೋದ್ರೆ?"

ಅವಳು ಒಳಗಿನ ದೀಪದ ಕಡೆ ತಿರುಗಿ ನೋಡಿದಳು. ಹುಡುಗಿ ಪುಸ್ತಕದ ಮೇಲೆ ಬಗ್ಗಿದ್ದಳು.

"ದೀಪಾನ್ನ ನಿಮ್ಮ ಬಾಜೂಕೆ ನಿಲ್ಲಸ್ತೆ. ನೀವು ನಿಲ್ಸಿದಲ್ಲಿಂದ ಅವ್ಳು ಓದ್ತಳೆ."

ನಾಳೆ ಶನಿವಾರ. ಹುಡುಗಿಗೆ ಇನ್ನೂ ಏನೂ ಗೊತ್ತಿಲ್ಲ. ನನ್ನ ಕೈಬರಹ ಈಚೆಗೆ ಕೆಟ್ಟಿದೆ. ಆದ್ದರಿಂದ ಈ ಪುಟಗಳನ್ನು ಇವತ್ತು ಕೂತು ಎರಡನೇ ಸಲ ಬರೆದಿದ್ದೇನೆ, ದುಂಡಗೆ, ಸಾಲು ಬಿಟ್ಟು, ಅವಳಿಗೆ ಎಲ್ಲೂ ತಡವರಿಸದೆ ಓದಲು ಬರುವ ಹಾಗೆ.